ಮೋಟಾದ ಮುದ್ದೆ ಕೋಲು

ಅತ್ತೆ,

ಮುದ್ದೆ ಕೋಲು ನಾಲ್ಕು ಬೆರಳು ಮೋಟಾಗಿದೆ. ಇಲಿಯನ್ನು ಬೈಯಬೇಡಿ, ಕೊಯ್ದವಳು ನಾನೇ.

ಹೋದ ವಾರ ಹಿರೀಸಾವೆ ಮದುವೆಯಲ್ಲಿ ತಾಳಿ ಕಟ್ಟುವ ಗಳಿಗೆಗೆ ಸರಿಯಾಗಿ ನನ್ನ ವಿಡಿಯೋ ಲೈಟಿನ ಬ್ಯಾಟರಿ ಸತ್ತು, ವಿಡಿಯೋದಲ್ಲಿ ಮಾಂಗಲ್ಯವೇ ಕಾಣದಂತಾಯಿತಲ್ಲ, ಇವತ್ತು ಹೆಣ್ಣಿನ ಮನೆಯಲ್ಲಿ ವಿಡಿಯೋಗೋಸ್ಕರ ಅದನ್ನು ಮತ್ತೆ ಕಟ್ಟಿಸುತ್ತಾರೆ. ಹೆಣ್ಣಿನ ಅಜ್ಜಿ ಫೋನಿನಲ್ಲೇ ಹೇಳಿಬಿಟ್ಟರು: “ಎಲ್ಡ್ನೇ ಸಲ ಕಟ್ಟುದ್ರೆ ಎಲ್ಡ್ನೇ ಮದ್ವೆನೇ ಕಣವ್ವ, ಊಟ ಆಕ್ಲೇಬೇಕು. ಮೂರ್ನೇದು ನನ್ ಕೈಲಾಗಾಕಿಲ್ಲ.” ಇವತ್ತೂ ಲೈಟು ಆರಿದರೆ ಚನ್ನರಾಯಪಟ್ಟಣದಲ್ಲಿ ನನ್ನನ್ನು ಒಂದು ನಾಮಕರಣಕ್ಕೂ ಯಾರೂ ಕರೆಯುವುದಿಲ್ಲ.

ಅದಕ್ಕೇ ಕೋಲಿನ ತುಂಡನ್ನು ಬ್ಯಾಟರಿಯ ಅಳತೆಗೆ ಕೆತ್ತಿ, ಎರಡು ಮೊಳೆ ಹೊಡೆದು, ಹಾಸನದಿಂದ ತಂದ ಅಡಾಪ್ಟರಿನ ವೈರು ಸುತ್ತಿ, ಬ್ಯಾಟರಿ ಕೂರುವ ಜಾಗಕ್ಕೆ ಸಿಕ್ಕಿಸಿದ್ದೇನೆ. ಈಗ ಲೈಟು ಗೋಡೆಯ ಪ್ಲಗ್ಗಿನ ಕರೆಂಟಿನಲ್ಲೇ ಉರಿಯುತ್ತದೆ. ಬೇರೆ ಯಾವ ಮರವೂ ಬಿಗಿಯಾಗಿ ಕೂರಲಿಲ್ಲ. ನಿಮ್ಮ ಕೋಲು ಇಪ್ಪತ್ತು ವರ್ಷ ಹಿಟ್ಟು ಕುಡಿದು ಕಲ್ಲಾಗಿದೆ.

ಸಾರು ಒಲೆ ಮೇಲಿದೆ, ಮಧ್ಯಾಹ್ನಕ್ಕೆ ಅನ್ನ ಮಾಡಿಕೊಳ್ಳಿ. ಹಟಕ್ಕೆ ಬಿದ್ದು ಮೋಟು ಕೋಲಿನಲ್ಲೇ ಮುದ್ದೆ ತಿರುವಿ ಕೈ ಸುಟ್ಟುಕೊಳ್ಳಬೇಡಿ. ಸಂಜೆ ಹೊಸದು ತರುತ್ತೇನೆ.

ಕರೆಂಟೇ ಹೋದರೆ ಏನು ಮಾಡುತ್ತೀಯ ಅಂತ ನೀವು ಕೇಳೇ ಕೇಳುತ್ತೀರಿ. ನಾನೂ ಆ ಅಜ್ಜಿಯನ್ನು ಅದನ್ನೇ ಕೇಳಿದೆ.

“ಲೈನ್‌ಮನ್‌ನ ಊಟಕ್ ಕರ್ದಿವ್ನಿ ಕಣವ್ವ. ಮದ್ಲಿಂಗನ ಪಕ್ಕದಾಗೇ ಕುಂಡ್ರುಸ್ತೀನಿ. ತಾಳಿ ಕಟ್ಟೋಗಂಟ ಅವ್ನ ಎಲೆಗೆ ಅನ್ನ ಬಡ್ಸಾಕಿಲ್ಲ” ಅಂದರು.

ಕವನಾ