ವಿಭಾಗಕ್ಕೆ ಒಂದೇ ಕೋರಿಕೆ

೮ ಆಗಸ್ಟ್ ೧೯೮೩, ಸೋಮವಾರ

ಮಾಲೂರಿನಲ್ಲಿ ಇವತ್ತೂ ರೈಲು ತಡ. ಬೆಂಗಳೂರು ತಲುಪಿ ಯೂನಿವರ್ಸಿಟಿಗೆ ಓಡುವಷ್ಟರಲ್ಲಿ ಮೊದಲ ಕ್ಲಾಸು ಮುಗಿದಿತ್ತು. ಹುಡುಗರು ಪರಾರಿ. ಬೆಂಚುಗಳಿಗೆ ಪಾಠ ಮಾಡಲೇ?

ನೋಟಿಸು ಬಂದಿದೆ. ಸಂಶೋಧನೆಗೆ ಕೇಂದ್ರ ಸರ್ಕಾರದ ಹಣ. ಸ್ಪರ್ಧೆಯಿಲ್ಲ, ಎಂ.ಪಿ. ಶಿಫಾರಸು ಮಾಡಿದರೆ ನೇರ ಮಂಜೂರು! ಆದರೆ ಯಾರೂ ತಾವಾಗಿ ಎಂ.ಪಿ. ಮನೆಗೆ ಹೋಗಕೂಡದು. ವಿಭಾಗಕ್ಕೆ ಒಂದೇ ಕೋರಿಕೆ, ಅದೂ ಕುಲಪತಿಗಳ ಸಮಿತಿಯ ಮೂಲಕ. ಕೆಮಿಸ್ಟ್ರಿಯಿಂದ ನಾನು ಕೊಟ್ಟೆ. ಅಕ್ಕನ ಊರಿನ ಕೊಳವೆಬಾವಿಯಲ್ಲಿ ಮೂಳೆ ಬಾಗಿಸುವ ಫ್ಲೋರೈಡ್ ವಿಪರೀತ. ಅದನ್ನು ತೆಗೆಯುವ ಘಟಕ ಕೂಡಿಸಿ ಮಕ್ಕಳ ಮೂಳೆ ಹೇಗೆ ಬೆಳೆಯುತ್ತದೆಂದು ನೋಡುವುದು.

೧೪ ಆಗಸ್ಟ್, ಶ್ರೀನಿವಾಸಪುರದ ಹತ್ತಿರ, ಅಕ್ಕನ ಮನೆ

ಅಕ್ಕನ ಮಗಳು ಶಾಮಲಾ "ಮಾವಾ" ಅಂತ ಓಡಿ ಬಂದಳು. ಓಟವೇ ಅದು? ಏಳು ವರ್ಷಕ್ಕೇ ಮಂಡಿಗಳು ಒಂದಕ್ಕೊಂದು ತಾಗುತ್ತಿವೆ. ಕುಡಿಯುವ ನೀರು ಈಗಲೇ ಬದಲಾದರೆ ಇನ್ನಷ್ಟು ಬಾಗದೆ ಉಳಿದಾವು...

ಮಗುವನ್ನು ಮಾಲೂರಿಗೆ ಕಳಿಸು ಅಂದೆ. ಅಕ್ಕ ಒಪ್ಪಲಿಲ್ಲ.

"ಇವಳೊಬ್ಳನ್ನ ಕರ್ಕೊಂಡ್ ಹೋಗ್ತೀಯ. ಮಿಕ್ಕ ಮಕ್ಕಳು? ಊರಿಗೇ ಒಳ್ಳೆ ನೀರು ಕೊಡಿಸು ನಾಯನಾ. ನಿನ್ ಓದು ಇದಕ್ಕಲ್ದೆ ಇನ್ಯಾತಕ್ಕೆ?"

ಬರುವ ಯುಗಾದಿಯೊಳಗೆ ಕೊಡಿಸ್ತೀನಿ ಅಂದೆ. ಮಾತು ಕೊಟ್ಟಾಯಿತು.

೨೨ ಆಗಸ್ಟ್

ಪ್ರೊಫೆಸರ್ ಶೇಷಾಚಲಯ್ಯನವರು ಬೆಳಗ್ಗೆಯೇ ಮನೆಗೆ ಬರಹೇಳಿದ್ದರು. ನಮ್ಮ ವಿಭಾಗದ ಮುಖ್ಯಸ್ಥರು, ನನ್ನ ಗುರುಗಳು. ಹಾಸ್ಟೆಲ್ ಸಿಗದೆ ಅಲೆಯುತ್ತಿದ್ದವನನ್ನು ಕರೆತಂದು ಓದು ಮುಗಿಯುವವರೆಗೆ ಅನ್ನ ಹಾಕಿದ ಮನೆ ಅದು.

"ಕೋದಂಡ, ಮಾರ್ಚಿಗೆ ರಿಟೈರ್ ಆಗ್ತೀನಿ ಕಣೋ. ಲ್ಯಾಬಿಗೆ ಒಂದು ಜರ್ಮನ್ ಸ್ಪೆಕ್ಟ್ರೋಮೀಟರ್ ಬರ್ಲಿ ಅಂತ ಎಷ್ಟು ವರ್ಷದ ಆಸೆ! ಈ ಸಲ ನನ್ನ ಕೋರಿಕೆ ಹೋಗ್ಲಿ. ನಿಂಗಿನ್ನೂ ವಯಸ್ಸಿದೆ, ಮುಂದಿನ ಸಲ ನಿಂದೇ."

ಯೂನಿವರ್ಸಿಟಿಯ ವಾಡಿಕೆಯೇ ಇದು. ನಿವೃತ್ತರಾಗುವವರದು ಮುಂದೆ. ಮಿಕ್ಕವರು ತಮ್ಮದನ್ನು ತಾವಾಗಿ ಹಿಂದೆ ತೆಗೆದುಕೊಳ್ಳಬೇಕು. ಜಗಳವಿಲ್ಲ, ವೋಟಿಲ್ಲ. ಸಮಿತಿ 'ಸರ್ವಾನುಮತ' ಅಂತ ಬರೆದುಕೊಳ್ಳುತ್ತದೆ.

ಶಾಮಲಾಳ ಕಾಲಿನ ವಿಷಯ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸಾರ್ ಹೆಂಡತಿ, ಅಮ್ಮನವರು, ಬಂದು "ಸಂಕೋಚ ಪಡ್ಬೇಡ್ವೋ" ಅಂತ ತಟ್ಟೆಗೆ ಇನ್ನೊಂದು ದೋಸೆ ಹಾಕಿದರು.

ಆಗಲಿ ಸಾರ್, ಅಂದುಬಿಟ್ಟೆ. ಥೂ ನನ್ನ ಬಾಯಿಗೆ.

೨೩ ಆಗಸ್ಟ್

ಕೋರಿಕೆ ವಾಪಸ್ ತೆಗೆದುಕೊಂಡೆ. ಇಡೀ ವಿಭಾಗ ಬೆನ್ನು ತಟ್ಟಿತು. ಗುರುಭಕ್ತಿ ಅಂದರೆ ಇದಪ್ಪಾ ಅಂತೆ.

ಯುಗಾದಿ, ೧೯೮೪

ಅಕ್ಕನ ಊರಿಗೆ ಹೋಗಲಿಲ್ಲ. ಜ್ವರ ಅಂತ ಹೇಳಿ ಕಳಿಸಿದೆ.

೧೬ ಜುಲೈ

ಯಂತ್ರ ಬಂತು. ನಿವೃತ್ತರಾದ ಸಾರ್‌ ಅವರನ್ನು ಕರೆಸಿ ಹಾರ ಹಾಕಿದೆವು. ಅದರ ಮೇಲೆ ಕೈಯಿಟ್ಟು ಅತ್ತೇಬಿಟ್ಟರು. ಅವರ ಮೇಲೆ ಸಿಟ್ಟು ಮಾಡಲೂ ಆಗುವುದಿಲ್ಲವಲ್ಲ. ಅದೇ ಸಂಕಟ.

ಈ ಸಲ ನನ್ನದನ್ನೇ ಮೊದಲು ಇಟ್ಟಿದ್ದಾರೆ. ಕುಲಪತಿಗಳ ಸಹಿಯಾಯಿತು. ಅಕ್ಕನಿಗೆ ಹೇಳಿ ಕಳಿಸಿದೆ — ಸ್ವಲ್ಪ ತಾಳಿಕೋ.

೧೧ ಫೆಬ್ರವರಿ ೧೯೮೫

ಚುನಾವಣೆ ಆಗಿ ಎಂ.ಪಿ. ಬದಲಾದರು. ಹಿಂದಿನವರು ಶಿಫಾರಸು ಮಾಡಿದ್ದೆಲ್ಲ, ನನ್ನದೂ ಸೇರಿ, ದೆಹಲಿಯಿಂದ ವಾಪಸ್. ಇನ್ನು ಅಂಥ ಹಣವೇ ಇಲ್ಲವಂತೆ. ಮುಂದಿನ ಸಲ ಅಂದರಲ್ಲ ಸಾರ್... ಎಲ್ಲಿದೆ ಮುಂದಿನ ಸಲ?

೧೯ ಜೂನ್, ಬೆಂಗಳೂರು, ಆಸ್ಪತ್ರೆ

ಶಾಮಲಾ ಈಗ ಗೋಡೆ ಹಿಡಿದೇ ನಡೆಯುವುದು. ಅಕ್ಕ ಸೊಂಟದ ಮೇಲೆ ಹೊತ್ತು ತಂದಳು. ಡಾಕ್ಟರು ಎಕ್ಸ್‌ರೇ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

"ಎರಡು ವರ್ಷದ ಹಿಂದೆ ನೀರು ಬದಲಾಯಿಸಿದ್ರೆ ಇಷ್ಟಾಗ್ತಿರ್ಲಿಲ್ಲ ಕಣ್ರೀ. ಆಪರೇಷನ್ ಮಾಡೋಣ. ನೆಟ್ಟಗೆ ನಡೀತಾಳೆ ಅಂತ ಮಾತ್ರ ನಾನು ಹೇಳಲ್ಲ."

ಹೊರಗೆ ಬಂದು ಅತ್ತೆ. ತಡೆಯಲಾಗಲಿಲ್ಲ. ಅಕ್ಕ ಸೆರಗಿನಿಂದ ನನ್ನ ಮುಖ ಒರೆಸಿದಳು.

"ಅಳ್ಬೇಡ ನಾಯನಾ. ನಮಗೋಸ್ಕರ ಎಷ್ಟು ಓಡಾಡಿದ್ದೀಯ ಅಂತ ನಂಗೊತ್ತು. ದೇವರು ಕೊಡಲಿಲ್ಲ, ನೀನೇನ್ ಮಾಡ್ತೀಯ?"

ಹೌದೆಂದು ತಲೆಯಾಡಿಸಿದೆ. ಇಲ್ಲಿ ಮಾತ್ರ ಬರೆಯುತ್ತೇನೆ. ದೇವರು ಕೊಟ್ಟಿದ್ದ ಕಣಕ್ಕಾ. ನಾನೇ ಹೋಗಿ ಕೋರಿಕೆ ವಾಪಸ್ ತೆಗೆದುಕೊಂಡೆ.