ನಮ್ಮ ರಕ್ತದಲ್ಲಿ ತಾವು ಕಂಡ ಔಷಧದ ಕುರಿತು

ಮಿದುಳು ಮತ್ತು ವಂಶವಾಹಿ ಸಂಶೋಧನಾ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ತಮ್ಮ ಮಹಾಶೋಧನೆಗೆ ಅಭಿನಂದನೆಗಳು. ಅದರ ಪ್ರಥಮ ಫಲವಾಗಿ ನನ್ನ ಮಗಳು ಸವಿತಾಳ ಮದುವೆ ಬರುವ ತಿಂಗಳು ನನ್ನ ತಮ್ಮ ದೇವಿಂದ್ರನ ಜೊತೆ ನಿಶ್ಚಯವಾಗಿದೆ. ದಯವಿಟ್ಟು ಬಂದು ಅದನ್ನು ನಿಲ್ಲಿಸಿ.

ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದಲ್ಲ. ನನ್ನನ್ನೂ ಹಾಗೆಯೇ ಕೊಟ್ಟರು. ನನ್ನ ಅತ್ತೆ ಮಲ್ಲಾಬಾಯಿ ನನ್ನ ತಾಯಿಯ ತಾಯಿ. ನನ್ನ ಒಬ್ಬನೇ ಮಗ ಮರಿಲಿಂಗ ಶಾಲೆಗೆ ಹೋಗುವ ವಯಸ್ಸಿನಲ್ಲೇ ನಡೆಯುತ್ತ ನಡೆಯುತ್ತ ಬೀಳತೊಡಗಿದ. ಆಮೇಲೆ ಮಾತು ತೊದಲಿತು, ತುತ್ತು ಬಾಯಿಗೆ ಹೋಗದಾಯಿತು. ಇದು ಮಿದುಳಿನ ರೋಗ, ತಂದೆ ತಾಯಿ ಇಬ್ಬರ ರಕ್ತದಿಂದಲೂ ಬಂದದ್ದು ಎಂದು ಕಲಬುರಗಿಯ ವೈದ್ಯರು ಹೇಳಿದರು. ಅವನು ಹೋದ ಮೇಲೆ ಇನ್ನು ಒಳಸಂಬಂಧ ಬೇಡವೆಂದು ಮನೆಯವರೆಲ್ಲ ಒಪ್ಪಿದ್ದರು. ಅಷ್ಟರಲ್ಲಿ ವಿಜ್ಞಾನ ನಮ್ಮ ಮನೆಗೆ ಬಂತು.

ಈ ರೋಗದ ಅಧ್ಯಯನಕ್ಕೆಂದು ತಮ್ಮ ತಂಡ ಮನೆಮಂದಿಯ ರಕ್ತ ತೆಗೆಯಲು ಬಂದ ದಿನ ನಾನು ಅಂಗನವಾಡಿಯಲ್ಲಿದ್ದೆ. ಪಕ್ಕದ ಮನೆಯ ಮದೀನಾಬೀಯ ಮಗ, ಆಟೋ ಓಡಿಸುವ ಲಾಡ್ಲೇಸಾಬ, ನಮ್ಮಲ್ಲಿ ಊಟಕ್ಕೆ ಕುಳಿತಿದ್ದ. ಅವನ ತಾಯಿಗೆ ಹಾಲಿಲ್ಲದಾಗ ಮರಿಲಿಂಗನ ಜೊತೆಗೇ ನಾನು ಎದೆಹಾಲು ಕೊಟ್ಟು ಬೆಳೆಸಿದವನು. ಅತ್ತೆ ಅವನನ್ನು ಬಿಟ್ಟಾರೆಯೇ? "ಇವನೂ ನಮ್ಮ ಶಾಂತಾನ ಮಗಾನ ಅದಾನ್ರಿ, ಇವಂದೂ ತಗೋರಿ. ಬಿಟ್ರ ಬ್ಯಾಸರ ಮಾಡ್ಕೋತಾನ" ಎಂದರಂತೆ. ಹೆಸರು ಕೇಳಿಯೂ ತಮ್ಮವರು ಅನುಮಾನಿಸಲಿಲ್ಲ. ದರ್ಗಾಕ್ಕೆ ಹರಕೆ ಹೊತ್ತು ಹಿಂದೂ ಮಕ್ಕಳಿಗೂ ನಮ್ಮ ಕಡೆ ಇಂಥ ಹೆಸರಿಡುತ್ತಾರೆಂದು ಅವರು ಆಗಲೇ ಅಧ್ಯಯನ ಮಾಡಿಕೊಂಡಿದ್ದರಂತೆ!

ಪಾಪ, ಲಾಡ್ಲೇಸಾಬನಲ್ಲಿ ರೋಗದ ಸುಳಿವೇ ಸಿಗಲಿಲ್ಲ. ಹೇಗೆ ಸಿಗಬೇಕು? ತಾವು ಟಿವಿಯಲ್ಲಿ "ಈ ಮನೆತನದ ಇನ್ನೊಬ್ಬ ಮಗನ ರಕ್ತದಲ್ಲಿ ರೋಗ ತಡೆಯುವ ಗುಣವಿದೆ" ಎಂದು ಸಾರಿದಿರಿ. ನನಗೆ ಇನ್ನೊಬ್ಬ ಮಗನಿಲ್ಲ ಸ್ವಾಮಿ. ಆ ರಕ್ತ ನಮ್ಮದಲ್ಲವೆಂದು ತಮ್ಮ ಯಂತ್ರ ಹೇಳಲಿಲ್ಲವೇ? ಅಥವಾ ಅದನ್ನೇ ವಿಶೇಷ ಗುಣವೆಂದು ಓದಿಕೊಂಡಿರಾ? ತಮ್ಮದೇ ಕಟ್ಟಡದಲ್ಲಿ ಅಣುವಿಗೆ ಅಣು ಜೋಡಿಸಿ ಹೊಸ ವಸ್ತು ಮಾಡುವ ರಸಾಯನ ಪಂಡಿತರಿದ್ದಾರಂತೆ. ತಾಯಿಗೆ ಮಗನನ್ನು ಜೋಡಿಸುವ ಮುನ್ನ ತಾಯಿಯನ್ನೂ ಒಂದು ಮಾತು ಕೇಳಬೇಕೆಂದು ಅವರಾದರೂ ತಮಗೆ ಹೇಳಬಾರದಿತ್ತೇ?

ಫೋನ್ ಮಾಡಿ ತಪ್ಪು ತಿಳಿಸಿದೆ. "ಅಧ್ಯಯನ ಮುಗಿದಿದೆ ಅಮ್ಮ" ಎಂದಿತು ಒಂದು ಸೌಮ್ಯ ದನಿ. ಮನೆಯಲ್ಲಿ ಹೇಳಿದರೆ ಅತ್ತೆ, "ಅಷ್ಟು ದೊಡ್ಡ ಸಾಹೇಬ್ರು ಟಿವಿಯಾಗ ಸುಳ್ಳ ಹೇಳ್ತಾರೇನ? ನಮ್ಮ ರಕ್ತದಾಗ ಔಷಧ ಐತಿ ಅಂದಾರ, ಇನ್ನ ಅಂಜಿಕಿ ಯಾಕ?" ಎಂದು ಬಾಯಿ ಮುಚ್ಚಿಸಿದರು. ಸವಿತಾ ಮಾತ್ರ ಒಲೆಯ ಮುಂದೆ ಕುಳಿತು ಕೇಳಿದಳು: "ಯವ್ವಾ, ನನಗ ಹುಟ್ಟೋ ಕೂಸೂ ಅಣ್ಣನಂಗ ಬೀಳಾಕತ್ರ ಯಾರು ಹಿಡೀತಾರ?" ಆ ರಾತ್ರಿಯೇ ಈ ಪತ್ರ ಬರೆಯಲು ಕುಳಿತೆ.

ಪತ್ರಿಕಾ ಹೇಳಿಕೆ ಬೇಡ. ಮದುವೆಗೆ ಮುಂಚೆ ತಾವೇ ಸುರಪುರಕ್ಕೆ ಬನ್ನಿ. ಸವಿತಾ ಮತ್ತು ದೇವಿಂದ್ರನ ರಕ್ತ ಪರೀಕ್ಷಿಸಿ, ಅದರಲ್ಲಿ ಏನಿದೆಯೆಂದು ಅವರಿಬ್ಬರಿಗೂ ತಿಳಿಯುವ ಕನ್ನಡದಲ್ಲಿ ಹೇಳಿ. ನನ್ನ ಅತ್ತೆಯ ಎದುರು ಕುಳಿತು, ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿ. ಬರಲು ಪುರುಸೊತ್ತಿಲ್ಲದಿದ್ದರೆ ನನ್ನ ಮಗಳ ಪ್ರಶ್ನೆಗಾದರೂ ಉತ್ತರ ಕಳಿಸಿ. ನಾನು ಒಬ್ಬನನ್ನು ಹಿಡಿದು ಹಿಡಿದು ಕೊನೆಗೆ ಮಣ್ಣಿಗಿಟ್ಟು ಬಂದವಳು.

ಇಂತಿ,
ತನ್ನ ಮನೆಯಲ್ಲೇ ತನ್ನ ಮಾತು ನಡೆಯದ್ದರಿಂದ ತಮ್ಮ ಮಾತನ್ನು ಬೇಡುತ್ತಿರುವ
ಶಾಂತಾದೇವಿ
ಅಂಗನವಾಡಿ ಕಾರ್ಯಕರ್ತೆ, ಸುರಪುರ