ಮಂಗಳಿ ಹುಟ್ಟಿದ ತಾರೀಖು

ಕವಲಂದೆ
೪ ಸೆಪ್ಟೆಂಬರ್ ೨೦೨೨

ಪ್ರಿಯ ಅನಂತನಿಗೆ,

ನಿನ್ನ ಸಿದ್ದಮಲ್ಲಪ್ಪನ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ, ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯದ ನನ್ನನ್ನು ಬೈದುಕೊಂಡಿರುತ್ತೀಯೆ. ಬೈದುಕೋ. ಫೋನ್ ಮಾಡೋಣವೆಂದರೆ ನಿನಗೆ ಕಿವಿ ಕೇಳಿಸದು, ನಾನು ಕಿರುಚಿದರೆ ನಮ್ಮ ಮನೆಯವರಿಗೆಲ್ಲ ಕೇಳಿಸುತ್ತದೆ. ಈ ವಿಷಯ ಕಿರುಚಿ ಹೇಳುವಂಥದ್ದಲ್ಲ.

ಮೈಸೂರಿನಲ್ಲಿ ಮಗಳ ಮನೆಯ ಜಗಲಿಯಲ್ಲಿ ಕೂತು ಪೇಪರ್ ಓದಿದ್ದೀಯೆ. ‘ಸ್ವಾತಂತ್ರ್ಯದೊಂದಿಗೆ ಹುಟ್ಟಿದ ಹಿರಿಯರಿಂದ ಧ್ವಜಾರೋಹಣ’ ಎಂಬ ಸಾಲಿನ ಮೇಲೆ ನನ್ನ ಫೋಟೊ ನೋಡಿ, ‘ಏನೋ ಮಲ್ಲ, ನೀನು ನನಗಿಂತ ಎರಡು ವರ್ಷ ದೊಡ್ಡವನಲ್ಲವೇನೋ?’ ಎಂದು ಕೇಳಿದ್ದೀಯೆ. ಕೇಳುವುದಕ್ಕೆ ಬೇರೇನೂ ಸಿಗಲಿಲ್ಲವೇನಯ್ಯ ನಿನಗೆ? ಪೇಟ ಚೆನ್ನಾಗಿತ್ತು ಎಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಇದೆಲ್ಲ ಶುರುವಾದದ್ದು ನನ್ನ ಮೊಮ್ಮಗಳಿಂದ. ಮಗ ಬಸವಪ್ರಸಾದನ ಮಗಳು ಬಿಂದುಶ್ರೀ, ಡಿಗ್ರಿ ಓದುತ್ತಿದ್ದಾಳೆ. ಜುಲೈನಲ್ಲಿ ಊರವರ ಸಭೆ ಸೇರಿದಾಗ ಎದ್ದು ನಿಂತು, “ಪ್ರತಿ ವರ್ಷ ಬಾವುಟ ಹಾರಿಸಿ, ಭಾಷಣ ಬಿಗಿದು, ಮಿಠಾಯಿ ತಿಂದು ಹೋಗೋದೇ ಆಯ್ತು. ಎಪ್ಪತ್ತೈದನೇ ವರ್ಷನಾದ್ರೂ ಅರ್ಥ ಇರೋ ಹಂಗೆ ಮಾಡೋಣ” ಎಂದಳು. ಮನೆಗೊಂದು ಪಾವು ಅಕ್ಕಿ ತಂದು ಒಟ್ಟಿಗೆ ಪಾಯಸ ಮಾಡುವುದು. ಮನೆಗೊಬ್ಬ ಹಿರಿಯರು ಒಂದು ನೆನಪು ಹೇಳುವುದು. ರಾಜಕಾರಣಿ ಬೇಡ, ದೇಶದ ಜೊತೆ ಹುಟ್ಟಿದವರು ಯಾರಾದರೂ ಇದ್ದರೆ ಅವರ ಕೈಯಿಂದಲೇ ಬಾವುಟ ಏರಿಸುವುದು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

“ಆಧಾರ್ ನೋಡುದ್ರೆ ನಮ್ಮೂರ್ ಮುದುಕ್ರೆಲ್ಲ ಜನವರಿ ಒಂದ್ನೇ ತಾರೀಕೇ ಉಟ್ಟವ್ರೆ ಕಣವ್ವ, ಬ್ಯಾರೆ ತಾರೀಕ್ ಯಾವನ್ಗದೆ?” ಎಂದ ನಮ್ಮ ಪಕ್ಕದ ಮನೆ ಸಣ್ಣಯ್ಯ. ಎಲ್ಲರೂ ನಕ್ಕರು. ಬಿಂದುಶ್ರೀ ಮಾತ್ರ ನನ್ನ ಕಡೆ ತಿರುಗಿ, “ತಾತ! ನಿಮ್ಮ ಟಿ.ಸಿ.ಲಿ ಆಗಸ್ಟ್ ಹದಿನೈದು ನಲವತ್ತೇಳು ಅಂತ ಇದೆ!” ಎಂದು ಕೂಗಿದಳು. ಸಭೆ ಚಪ್ಪಾಳೆ ತಟ್ಟಿತು. ನಾನೂ ಎದ್ದು ಕೈ ಮುಗಿದುಬಿಟ್ಟೆ.

ಆ ತಾರೀಖು ನನ್ನ ತಂಗಿ ಮಂಗಳಮ್ಮನದೆಂದು ನಿನಗೂ ಗೊತ್ತು, ನನಗೂ ಗೊತ್ತು. ಸಾಕ್ಷಿಗೆ ಮೂರನೆಯವರು ಯಾರೂ ಉಳಿದಿಲ್ಲ. ನನ್ನನ್ನು ಶಾಲೆಗೆ ಸೇರಿಸಿದ ದಿನ ನಾವಿಬ್ಬರೂ ಮೇಜಿನ ಪಕ್ಕದಲ್ಲೇ ನಿಂತಿದ್ದೆವು. ಮೇಷ್ಟ್ರಾಗಿದ್ದ ನಿಮ್ಮಪ್ಪ, “ಹುಡುಗ ಹುಟ್ಟಿದ್ದು ಯಾವಾಗ?” ಎಂದರು. ನಮ್ಮಪ್ಪನಿಗೆ ನೆನಪಿದ್ದದ್ದು ಒಂದೇ ತಾರೀಖು. “ಸ್ವತಂತ್ರ ಬಂದ ದಿನ ಒಂದ್ ಮಗ ಉಟ್ತು ಸಾ” ಎಂದ. ಇವರು ಬರೆದೇಬಿಟ್ಟರು. ಆಮೇಲೆ ಅಪ್ಪ ತಲೆ ಕೆರೆದುಕೊಂಡು, “ಅದು ಎಣ್ಮಗ ಸಾ, ಇವನ್ ತಂಗಿ” ಎಂದ. ನಿಮ್ಮಪ್ಪ ಶಾಯಿ ಒಣಗಿದ ಸಾಲು ನೋಡಿ ಮುಖ ಹಿಂಡಿದರು. ಆಗ ಅಪ್ಪನೇ, “ಇರ್ಲಿ ಬುಡಿ ಸಾ, ಅವ್ಳೇನ್ ಇಸ್ಕೂಲಿಗ್ ಬಂದಾಳಾ?” ಎಂದ. ಅವಳು ಬರಲೂ ಇಲ್ಲ.

ಆ ತಾರೀಖಿನಿಂದ ನಾನು ಎರಡು ವರ್ಷ ಹೆಚ್ಚಿಗೆ ನೌಕರಿ ಮಾಡಿದೆ. ಗ್ರಾಮ ಲೆಕ್ಕಿಗನಾಗಿ ಊರೂರಿನ ಹುಟ್ಟುಸಾವು ಬರೆದೆ. ಮಂಗಳಿಯ ಹುಟ್ಟು ಯಾವ ಪುಸ್ತಕದಲ್ಲೂ ಇಲ್ಲ, ಅವ್ವನ ಬಾಯಲ್ಲಿ ಮಾತ್ರ ಇತ್ತು. ಅವಳು ಹುಟ್ಟಿದ ದಿನ ಅಪ್ಪ ಬಾಣಂತಿಗೆ ಶುಂಠಿ, ಮೆಣಸು ತರಲು ನಂಜನಗೂಡಿಗೆ ಹೋಗಿದ್ದ. ಪೇಟೆಯಲ್ಲಿ ಬಾವುಟ ಏರಿಸಿ ಸಕ್ಕರೆ ಹಂಚುತ್ತಿದ್ದರಂತೆ. ಆ ಸಕ್ಕರೆಯನ್ನು ಪಂಚೆಯ ತುದಿಯಲ್ಲಿ ಗಂಟು ಕಟ್ಟಿಕೊಂಡು ಬಂದು ಕೂಸಿನ ನಾಲಿಗೆಗೆ ಇಟ್ಟನಂತೆ. ಅವ್ವ ಸಾಯುವ ತನಕ ಪ್ರತಿ ವರ್ಷ ಅದನ್ನು ಹೇಳಿ ಮಂಗಳಿಯ ಬಾಯಿಗೆ ಸಕ್ಕರೆ ಹಾಕುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು.

ಆಗಸ್ಟ್ ಹದಿನೈದರಂದು ಬಾವುಟ ಏರಿಸಿದೆ. ಮೈಕು ಕೊಟ್ಟರು. ಹುಟ್ಟಿದ ದಿನದ ನೆನಪು ಹೇಳಿ ಎಂದರು. ಹೇಳುವುದಕ್ಕೆ ನನ್ನ ಹತ್ತಿರ ಏನಿತ್ತು? ಸಕ್ಕರೆಯ ಕಥೆ ಹೇಳಿದೆ. ನನ್ನ ನಾಲಿಗೆಯ ಮೇಲೆ ಇಟ್ಟರು ಎಂದೆ. ಹೆಂಗಸರು ಕಣ್ಣೊರೆಸಿಕೊಂಡರು ಕಣೋ.

ಆಗ ನೋಡಿದೆ, ಹಿಂದಿನ ಸಾಲಿನಲ್ಲಿ ಮಂಗಳಿ. ಗಂಡನ ಊರು ಹೆಮ್ಮಿಗೆಯಿಂದ ತನ್ನ ಮಗ ಮದನ್ ಜೊತೆ ಬಸ್ಸಿನಲ್ಲಿ ಬಂದಿದ್ದಾಳೆ, ತೊಡೆಯ ಮೇಲೆ ಒಂದು ಕೆಜಿ ಸಕ್ಕರೆ ಪೊಟ್ಟಣ. ಬಿಂದುಶ್ರೀ ನನಗೆ ಹೇಳದೆ ಕರೆಸಿದ್ದಳು. ಅವಳೇ ಕೈಹಿಡಿದು ವೇದಿಕೆಗೆ ಹತ್ತಿಸಿ, “ನೀವೂ ಒಂದ್ ನೆನಪು ಹೇಳಿ ಅಜ್ಜಿ” ಎಂದಳು.

ಮಂಗಳಿ ನನ್ನನ್ನು ನೋಡಿ ನಕ್ಕಳು. ಕೋಪವಿಲ್ಲ ಏನಿಲ್ಲ, ನಾನು ಬಾಯಿತಪ್ಪಿ ಹೇಳಿದ್ದೇನೆ ಎಂದುಕೊಂಡಿದ್ದಳು. “ನಮ್ಮಣ್ಣಯ್ಯ ಮರ್ತವ್ನೆ. ಸಕ್ಕರೆ ಇಟ್ಟಿದ್ದು ನನ್ ನಾಲ್ಗೆಗೆ. ಸ್ವತಂತ್ರ ಬಂದ ದಿನ ಉಟ್ಟಿದ್ದು ನಾನು. ನಮ್ಮವ್ವ ಏಳ್ತಿದ್ಲು” ಎಂದಳು. ಜನ ಗೊಳ್ಳೆಂದು ನಕ್ಕರು. “ಅವಳಿ ಜವಳಿನಾ ಅಜ್ಜಿ?” ಎಂದು ಯಾರೋ ಕೂಗಿದರು. ಬಿಂದುಶ್ರೀ ನಗಲಿಲ್ಲ. ನನ್ನ ಮುಖವನ್ನೇ ನೋಡಿದಳು.

ಆ ಹುಡುಗಿಯ ಕಣ್ಣು ನನ್ನನ್ನು ಕೆಡಿಸಿತು ಅನಂತ. ಮೈಕು ಕಿತ್ತುಕೊಂಡೆ. “ಯಾರೂ ನಗಬೇಡಿ. ಭಾವ ಹೋದ ಮೇಲೆ ನಮ್ಮ ತಂಗಿಗೆ ಬುದ್ಧಿ ಸ್ವಲ್ಪ ಹಿಂದೆ ಮುಂದೆ ಆಗಿದೆ. ಏನೇನೋ ಅಂತಾಳೆ. ದೊಡ್ಡ ಮನಸ್ಸು ಮಾಡಿ” ಎಂದೆ. ‘ಅಯ್ಯೋ ಪಾಪ’ ಎಂದು ಊರಿಗೆ ಊರೇ ಲೊಚಗುಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಂಗಳಿ ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಬಿಂದುಶ್ರೀಗೆ, “ಅಣ್ಣಯ್ಯ ಓದ್ದೋನು ಕಣವ್ವ. ಅವನ್ ಏಳಿದ್ದೇ ಸರಿ ಇದ್ದಾತು” ಎಂದಳು. ಸಕ್ಕರೆ ಪೊಟ್ಟಣ ಅವಳ ಕೈಗಿಟ್ಟು, ಪಾಯಸಕ್ಕೂ ಕೂರದೆ ಬಸ್ಸು ಹತ್ತಿದಳು. ಆ ಸಕ್ಕರೆ ನಮ್ಮ ಅಡಿಗೆಮನೆಗೆ ಬಂತು. ಈಗ ಅದರಲ್ಲೇ ನನಗೆ ಕಾಫಿ.

ನಿನ್ನಿಂದ ಆಗಬೇಕಾದದ್ದು ಒಂದೇ. ಮದನ್ ಬಿಡುವ ಪೈಕಿ ಅಲ್ಲ, ನನ್ನ ತಾರೀಖು ಬರೆದ ಮೇಷ್ಟ್ರ ಮಗ ಯಾರು ಎಂದು ಸಣ್ಣಯ್ಯನ ಹತ್ತಿರ ವಿಚಾರಿಸಿದ್ದಾನಂತೆ. ನಿನ್ನ ಮನೆ ಬಾಗಿಲಿಗೆ ಬಂದರೆ ‘ನನಗೇನೂ ನೆನಪಿಲ್ಲ’ ಎಂದುಬಿಡು. ನಿನ್ನ ಕಿವಿ ಹೋಗಿರುವುದು ಇಂಥದ್ದಕ್ಕಾದರೂ ಉಪಯೋಗವಾಗಲಿ. ನಿಮ್ಮಪ್ಪನ ಅಕ್ಷರಕ್ಕೂ ಮರ್ಯಾದೆ ಇದೆ, ಯೋಚನೆ ಮಾಡು.

ಭಾಗೀರಥಮ್ಮನವರಿಗೆ ನಮಸ್ಕಾರ. ರಂಜನಿಗೂ ಮೊಮ್ಮಗ ಸಮೀರನಿಗೂ ನನ್ನ ಆಶೀರ್ವಾದ. ನಂಜುಂಡೇಶ್ವರ ಎಲ್ಲರಿಗೂ ಆಯುಸ್ಸು ಕೊಡಲಿ.

ಇಂತಿ ನಿನ್ನ
ಸಿದ್ದಮಲ್ಲಪ್ಪ

ಮ.ವಿ.: ಕಾಗದ ಮಡಿಚುವ ಹೊತ್ತಿಗೆ ಮಂಗಳಿಯ ಫೋನ್ ಬಂತು. ನಾನು ಹೇಳಿದ ಮಾತು ನಂಬಿ ಮದನ್‌ನ ಹೆಂಡತಿ ಅವಳನ್ನು ತಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳಂತೆ. “ಉಟ್ಟಿದ್ ದಿನ ಯಾವ್ದಜ್ಜಿ ಅಂದ್ರು ಅಣ್ಣಯ್ಯ. ಆಗಸ್ಟ್ ಹದ್ನೈದು ಅಂತ ನಾಲ್ಗೆ ತುದೀಗ್ ಬಂತು. ನೀ ಏಳಿದ್ದು ನೆಪ್ಪಾಗಿ, ಗೊತ್ತಿಲ್ಲ ಸಾ ಅಂದ್ಬುಟ್ಟೆ. ಅದ್ನೇ ಬರ್ಕೊಂಡ್ರು. ದಿನಾ ರಾತ್ರಿಗೆ ಒಂದ್ ಮಾತ್ರೆ ಕೊಟ್ಟವ್ರೆ. ಇನ್ನೂ ಬಾಯಿಗ್ ಆಕಿಲ್ಲ, ನಿನ್ನ ಕೇಳ್ಬುಟ್ಟು ಆಕ್ಕೊಳವಾ ಅಂತ. ನುಂಗ್ಲಾ ಅಣ್ಣಯ್ಯ, ಬ್ಯಾಡ್ವಾ?”

ಬಿಂದುಶ್ರೀ ಎದುರಿಗೇ ಕೂತಿದ್ದಳು.

ನುಂಗು ಎಂದೆ.